ಗುಡ್ಡದ ಊರಿಗೆ ಕಾಲುದಾರಿ ಹಾಕಲು ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನವನಾದ ನಾನು 2015ರಲ್ಲಿ ಬಿಡುಗಡೆಯಾದ ‘ಸಿಟೀಸ್: ಸ್ಕೈಲೈನ್ಸ್’ ಎಂಬ ನಗರ ಕಟ್ಟುವ ಕಂಪ್ಯೂಟರ್ ಆಟದಲ್ಲಿ, ನಮ್ಮ ಚಂದ್ರಗಿರಿ ಹೊಳೆಯ ದಡವನ್ನು ಹೋಲುವ ತಗ್ಗಿನಿಂದ ಗುಡ್ಡದ ನೆತ್ತಿಯವರೆಗೆ ಹಬ್ಬುವ ಪಟ್ಟಣವೊಂದನ್ನು ಕಟ್ಟುತ್ತಿದ್ದೇನೆ. ಕಂಗಿನ ತೋಟಗಳ ನಡುವೆ ಇಳಿಯುವ ನಮ್ಮೂರಿನ ಓಣಿಗಳು ಅದರಲ್ಲಿ ಇರಲೇಬೇಕೆಂಬುದು ನನ್ನ ಆಸೆ.

ರಸ್ತೆಯ ಪ್ರತಿ ಬದಿಗೆ ನಾಲ್ಕು ಚೌಕಗಳ ಆಳಕ್ಕಷ್ಟೇ ಕಟ್ಟಡಗಳ ವಲಯ (ಕಟ್ಟಡ ಏಳಬಲ್ಲ ಜಾಗ) ಸಿಗುವುದರಿಂದಲೂ, ಮೂಲ ಆಟದ ಕಾಲುದಾರಿಯ ಪಕ್ಕದಲ್ಲಿ ವಲಯವೇ ಸಿಗದಿರುವುದರಿಂದಲೂ, ಬೆನ್ನಿಗೆ ಬೆನ್ನು ಹಾಕಿ ನಿಲ್ಲುವ ಎರಡು ಮನೆಸಾಲುಗಳ ನಡುವೆ ಕಾಲುದಾರಿಗಾಗಿ ಎಷ್ಟು ಜಾಗ ಬಿಡಬೇಕೆಂದು ದಯವಿಟ್ಟು ತಿಳಿಸಿ. ಕಾಲುದಾರಿಯನ್ನು ಮೊದಲು ಹಾಕಿ ರಸ್ತೆಯನ್ನು ಅದಕ್ಕೆ ಹೊಂದಿಸುವುದೇ ಸರಿಯೆಂದು ನನಗನಿಸುತ್ತದೆ. ಇಳಿಜಾರಿನಲ್ಲಿ ನೇರವಾಗಿ ಇಳಿಸುವುದೋ, ಬಳಸಿ ಒಯ್ಯುವುದೋ? ಹಾಗೆ ಕಟ್ಟಿದವರು ಚಿತ್ರಸಹಿತ ವಿವರಿಸಿದರೆ ಉಪಕಾರವಾಗುತ್ತದೆ.