ಏಲಕ್ಕಿ ಡಬ್ಬಿ: ನಮ್ಮ ಮನೆಯ ಗುಂಪಿನಲ್ಲಿ ಒಂದು ಭಾನುವಾರ

ನಮ್ಮ ಮನೆಯ ವಾಟ್ಸಾಪ್ ಗುಂಪು ಶುರುವಾಗಿದ್ದು ಚಿಕ್ಕಪ್ಪನ ಮಗಳು ವೀಣಾಳ ಮದುವೆಗೆ. ಛತ್ರ ಯಾವುದು, ಅಡುಗೆಯವರಿಗೆ ಅಡ್ವಾನ್ಸ್ ಕೊಟ್ಟಿದ್ದು ಯಾರು ಅಂತ ಮಾತಾಡೋಕೆ. ಮದುವೆ ಮುಗಿಯಿತು, ಗುಂಪು ಉಳಿಯಿತು. ಈಗ ದೊಡ್ಡಮ್ಮನ ಶುಭೋದಯ, ರವಿ ಭಾವನ ಫಾರ್ವರ್ಡು, ಯಾರದಾದರೂ ಹುಟ್ಟುಹಬ್ಬ. ನಾನು ಅಡ್ಮಿನ್. ಅಂದರೆ ಜಗಳ ಆದಾಗ ಎರಡೂ ಕಡೆಯವರು ನನಗೇ ಫೋನ್ ಮಾಡುತ್ತಾರೆ, ಅಷ್ಟೇ.

2024ರ ಡಿಸೆಂಬರ್ 1ರ ಮಾತುಕತೆ ಇದು. ಶೈಲಕ್ಕನನ್ನು ಕೇಳಿಯೇ ಹಾಕುತ್ತಿದ್ದೇನೆ. ಸ್ಟಿಕ್ಕರ್‌ಗಳನ್ನೂ ರವಿ ಭಾವನ ಒಂದು ಬೈಗುಳವನ್ನೂ ತೆಗೆದಿದ್ದೇನೆ. ಚಿಕ್ಕಪ್ಪ ಟೈಪ್ ಮಾಡುವುದಿಲ್ಲ, ವಾಯ್ಸ್ ಮೆಸೇಜ್ ಮಾತ್ರ. ಅದನ್ನು ಕೇಳಿ ಬರೆದುಕೊಂಡಿದ್ದೇನೆ.

ಬೆಳಿಗ್ಗೆ 7:40

ದೊಡ್ಡಮ್ಮ: (ತಾವರೆ ಹೂವಿನ ಚಿತ್ರ) ಎಲ್ಲರಿಗೂ ಶುಭ ಭಾನುವಾರ

ವೀಣಾ: ಅಪ್ಪಾ, ಇದನ್ನ ನೋಡಿ. ನೈಟ್ ಡ್ಯೂಟಿ ಮಧ್ಯೆ ಕಳಿಸುತ್ತಿದ್ದೇನೆ. ಇಂಗ್ಲೆಂಡಿನಲ್ಲಿ ನಾವಿರುವ ಕಡೆ, ನ್ಯೂಕಾಸಲ್-ಅಂಡರ್-ಲೈಮ್‌ನಲ್ಲಿ, ಒಂದು ಕಸದ ಗುಂಡಿ ಇದೆ ಅಂತ ಹೇಳುತ್ತಿದ್ದೆನಲ್ಲ? ವಾಲೀಸ್ ಕ್ವಾರಿ. ಮೊನ್ನೆ ಗುರುವಾರ ಅದನ್ನು ಮುಚ್ಚಿ ಅಂತ ಪರಿಸರ ಏಜೆನ್ಸಿ ನೋಟಿಸ್ ಕೊಟ್ಟಿದೆ. ಜೊತೆಗೆ ನಮ್ಮ ಕಡೆಯ ಕೌನ್ಸಿಲರ್‌ಗಳು ಮಾತಾಡಿದ ತುಣುಕೂ ಇದೆ. ಮೂರು ನಿಮಿಷ, ಪೂರ್ತಿ ನೋಡಿ.

ತುಣುಕಿನಲ್ಲಿ ದೊಡ್ಡದೇನೂ ಇರಲಿಲ್ಲ. ಒಬ್ಬ ಹೆಂಗಸು ಎದ್ದು ನಿಂತು, ರಾತ್ರಿ ಕಿಟಕಿ ತೆಗೆಯೋಕೆ ಆಗದ ಮನೆಗಳ ಬಗ್ಗೆ ಹೇಳುತ್ತಾರೆ. ಆಮೇಲೆ ಅವರೇ ಕಾಗದ ತಿರುವಿ, ವಿಶೇಷ ಅಗತ್ಯದ ಮಕ್ಕಳಿಗೆ ಹತ್ತಿರದ ಶಾಲೆಯಲ್ಲಿ ಜಾಗ ಸಿಗುತ್ತಿಲ್ಲ, ಟ್ಯಾಕ್ಸಿಯಲ್ಲಿ ದೂರ ಕಳಿಸುತ್ತಿದ್ದೇವೆ ಅನ್ನುತ್ತಾರೆ. ಎದುರಿಗಿದ್ದವರೊಬ್ಬರು ದುಡ್ಡಿಲ್ಲ ಅನ್ನುತ್ತಾರೆ. ಮುಗಿಯಿತು.

ಚಿಕ್ಕಪ್ಪ (ವಾಯ್ಸ್): ವೀಣಾ, ಇವತ್ತು ಯಾವ ತಾರೀಕು ಗೊತ್ತೇನಮ್ಮಾ? ಡಿಸೆಂಬರ್ ಒಂದು. 2014ರಲ್ಲಿ ಇದೇ ದಿನ ನಮ್ಮ ಮಂಡೂರಿಗೆ ಬೆಂಗಳೂರಿನ ಕಸದ ಲಾರಿ ಬರೋದು ನಿಂತಿದ್ದು. ಸರಿಯಾಗಿ ಹತ್ತು ವರ್ಷ. ಜೂನ್‌ನಲ್ಲಿ ನಾವು ರಸ್ತೆಗೆ ಇಳಿದೆವು, ಸಿದ್ದರಾಮಯ್ಯನವರ ಸರ್ಕಾರ ಗಡುವು ಕೇಳಿತು. ಕೊಟ್ಟೆವು. ಲಾರಿ ನಿಂತಿತು. ಕಸದ ಗುಡ್ಡ ಮಾತ್ರ ನಿಂತಲ್ಲೇ ನಿಂತಿತು.

ಕಿರಣ್: ಚಿಕ್ಕಪ್ಪ, ನಮ್ಮ ಕಸವೂ ನಿಲ್ಲಲಿಲ್ಲ. ಬೆಳ್ಳಳ್ಳಿ ಕ್ವಾರಿಗೆ ಹೋಯಿತು. ಅದು ತುಂಬಿದ ಮೇಲೆ ಮಿಟ್ಟಗಾನಹಳ್ಳಿ.

ರವಿ ಭಾವ: ಅಲ್ಲಿ ನೋಡಿ ಎಷ್ಟು ಶಿಸ್ತು. ಎದ್ದು ನಿಂತು ಮಾತಾಡುತ್ತಾರೆ, ಯಾರೂ ಅಡ್ಡ ಬಾಯಿ ಹಾಕಲ್ಲ. ನಮ್ಮಲ್ಲಿ ಆಗಿದ್ದರೆ ಕುರ್ಚಿ ಹಾರುತ್ತಿತ್ತು.

ಕಿರಣ್: ಕುರ್ಚಿ ಹಾರೋಕೆ ಕಾರ್ಪೊರೇಟರ್ ಇರಬೇಕಲ್ಲ ಭಾವ. ಬಿಬಿಎಂಪಿ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ನಾಲ್ಕು ವರ್ಷದಿಂದ ಚುನಾವಣೆನೇ ಇಲ್ಲ.

ರವಿ ಭಾವ: ಇದ್ದಾಗ ಏನು ಕಡಿದು ಗುಡ್ಡೆ ಹಾಕಿದ್ದರು?

ಕಿರಣ್: ಬೈಯೋಕಾದರೂ ಒಬ್ಬರು ಇದ್ದರು.

ವೀಣಾ: ಭಾವ, ಶಿಸ್ತಿನಿಂದ ವಾಸನೆ ಹೋಗಲಿಲ್ಲ. ಈ ಗುಂಡಿ ಬೇಡ ಅಂತ 90ರ ದಶಕದಲ್ಲೇ ಇಲ್ಲಿನ ಕೌಂಟಿ ಕೌನ್ಸಿಲ್, ಅಂದರೆ ನಮ್ಮ ಜಿಲ್ಲಾ ಪಂಚಾಯ್ತಿ ಥರದ್ದು, ಹೇಳಿತ್ತು. ಲಂಡನ್ನಿನ ಸರ್ಕಾರ ಅನುಮತಿ ಕೊಟ್ಟಿತು. 2007ರಿಂದ ಕಸ ತುಂಬಿದರು. ಕೊಳೆತ ಮೊಟ್ಟೆ ವಾಸನೆ. ಗಾಳಿ ಆಡದ ಚಳಿ ರಾತ್ರಿಯಲ್ಲಿ ಅದು ನೆಲಕ್ಕೇ ಅಂಟಿಕೊಂಡಿರುತ್ತದೆ. ಗುಂಡಿ ಪಕ್ಕದ ಸಿಲ್ವರ್‌ಡೇಲ್ ಕಡೆ ಮಕ್ಕಳು ತಲೆನೋವು ಅಂತ ಎದ್ದು ಕೂರುತ್ತಾರೆ.

ರವಿ ಭಾವ: ಏನು ಹಾಕಿದ್ದಾರೆ ಅದರೊಳಗೆ?

ವೀಣಾ: ಹೈಡ್ರೋಜನ್ ಸಲ್ಫೈಡ್ ಅದು. ನಿಮಗೆ ಗೊತ್ತಿರುವ ಸಾಮಾನೇ. ಫಾಲ್ಸ್ ಸೀಲಿಂಗ್‌ಗೆ ಹಾಕುತ್ತೀರಲ್ಲ ಜಿಪ್ಸಮ್ ಬೋರ್ಡು, ಅದು ಹಸಿ ಕಸದ ಜೊತೆ ಸೇರಿ ಗಾಳಿ ಇಲ್ಲದ ಕಡೆ ಕೂತರೆ ಈ ಗ್ಯಾಸ್ ಬರುತ್ತದೆ. ಅದಕ್ಕೇ ಇಲ್ಲಿ ಎರಡನ್ನೂ ಒಂದೇ ಗುಂಡಿಗೆ ಹಾಕಬಾರದು ಅಂತ ನಿಯಮ ಇದೆ.

ಕಿರಣ್: ಭಾವ, ನಿಮ್ಮ ಸೈಟಿನ ಒಡೆದ ಜಿಪ್ಸಮ್ ಎಲ್ಲಿಗೆ ಹೋಗುತ್ತದೆ?

ರವಿ ಭಾವ: ಟ್ರ್ಯಾಕ್ಟರ್‌ನವನು ತಗೊಂಡು ಹೋಗುತ್ತಾನೆ.

ಕಿರಣ್: ಎಲ್ಲಿಗೆ?

ರವಿ ಭಾವ ಇದಕ್ಕೆ ಉತ್ತರ ಕೊಡಲಿಲ್ಲ. ಐದು ನಿಮಿಷ ಬಿಟ್ಟು ಬೇರೆ ಕಡೆಯಿಂದ ಬಂದರು. ಅವರ ಜೊತೆ ಇಪ್ಪತ್ತು ವರ್ಷ ಹಬ್ಬ ಮಾಡಿದ್ದೇನೆ, ಅಭ್ಯಾಸವಾಗಿದೆ.

ರವಿ ಭಾವ: ಅದೆಲ್ಲ ಇರಲಿ. ಯಾರು ಜವಾಬ್ದಾರಿ ಅಂತ ಗೊತ್ತಿರುತ್ತದೆ ಅಲ್ಲಿ. ನಮ್ಮಲ್ಲಿ ಬಿಬಿಎಂಪಿ ಕೇಳಿದರೆ ಮಾಲಿನ್ಯ ಮಂಡಳಿ ಅನ್ನುತ್ತಾರೆ, ಮಂಡಳಿ ಕೇಳಿದರೆ ಪಂಚಾಯ್ತಿ.

ವೀಣಾ: ಇಲ್ಲೂ ಅದೇ ಕಥೆ ಭಾವ. ಗುಂಡಿಗೆ ಪರ್ಮಿಟ್ ಪರಿಸರ ಏಜೆನ್ಸಿದು. ವಾಸನೆ ಕಾಟ ಅಂದರೆ ಊರಿನ ಕೌನ್ಸಿಲ್. ಶಾಲೆ ಅಂದರೆ ಕೌಂಟಿ ಕೌನ್ಸಿಲ್. ಊರಿನ ಕೌನ್ಸಿಲ್‌ನವರು 2021ರಲ್ಲೇ ಕಂಪನಿಗೆ ನೋಟಿಸ್ ಕೊಟ್ಟರು, ಕಂಪನಿ ಅಪೀಲು ಹಾಕಿತು, ಆಮೇಲೆ ರಾಜಿ. ಗಾಳಿ ಅಳೆಯೋಕೆ ಇಟ್ಟಿದ್ದ ಯಂತ್ರಗಳು ಕಡಿಮೆ ತೋರಿಸುತ್ತಿದ್ದವು ಅಂತ 2023ರಲ್ಲಿ ಏಜೆನ್ಸಿಯೇ ಒಪ್ಪಿಕೊಂಡಿತು. ಜನಕ್ಕೆ ಮೂಗು ಇರಲಿಲ್ವಾ?

ಚಿಕ್ಕಪ್ಪ (ವಾಯ್ಸ್): ನಮಗೆ ಇನ್ನೊಂದು ಕಷ್ಟ ಇತ್ತು ನೋಡು. ಮಂಡೂರು ಪಂಚಾಯ್ತಿ. ಬೆಂಗಳೂರಿನ ಕಾರ್ಪೊರೇಟರ್‌ಗೆ ನಮ್ಮ ಓಟೇ ಇಲ್ಲ. ಕಸ ಅವರದು, ಮೂಗು ನಮ್ಮದು. ಮಾವಳ್ಳಿಪುರದವರಿಗೂ ಹಾಗೇ ಆಗಿತ್ತು, ಅವರು 2012ರಲ್ಲಿ ಬಾಗಿಲು ಹಾಕಿಸಿದರು, ಆ ಲಾರಿಗಳೂ ನಮ್ಮ ಕಡೆ ತಿರುಗಿದವು. ಊಟದ ತಟ್ಟೆ ಮೇಲೆ ಇನ್ನೊಂದು ತಟ್ಟೆ ಮುಚ್ಚಿ, ಸ್ವಲ್ಪ ಸರಿಸಿ ತುತ್ತು ತೆಗೆಯಬೇಕಿತ್ತು, ಅಷ್ಟು ನೊಣ. ಹೆಣ್ಣು ನೋಡೋಕೆ ಬಂದವರು ಕಾಫಿ ಲೋಟದೊಳಗೆ ನೊಣ ನೋಡಿ ಹಾಗೇ ಎದ್ದು ಹೋಗಿದ್ದಾರೆ.

ದೊಡ್ಡಮ್ಮ: ಆ ಸಂಬಂಧ ತಪ್ಪಿದ್ದೇ ಒಳ್ಳೆಯದಾಯಿತು ಬಿಡು

ಬೆಳಿಗ್ಗೆ 8:25

ರವಿ ಭಾವ: ನನಗೆ ಒಂದು ಅರ್ಥ ಆಗಲಿಲ್ಲ. ಕಸದ ವಿಷಯ ಮಾತಾಡುತ್ತಿದ್ದವರು ಮಧ್ಯದಲ್ಲಿ ಆ ಮಕ್ಕಳ ವಿಷಯ ಯಾಕೆ ತಂದರು? ವಾಸನೆ ಅಂದರೆ ಇಡೀ ಊರಿನ ಸಮಸ್ಯೆ. ಇದು ನಾಲ್ಕು ಮನೆ ಸಮಸ್ಯೆ. ಸಭೆಯ ಟೈಮ್ ವೇಸ್ಟ್ ಅಲ್ವಾ?

ನಾನು ಆಗ ಹಲ್ಲುಜ್ಜುತ್ತಿದ್ದೆ. ಮೆಸೇಜ್ ನೋಡಿ ಎದೆ ಧಸಕ್ಕೆಂದಿತು. ಶೈಲಕ್ಕ ಅದೇ ಗುಂಪಿನಲ್ಲಿದ್ದಾಳೆ. ಅವಳ ಮಗ ಚಿನ್ನುವಿಗೆ ಒಂಬತ್ತು ವರ್ಷ, ಆಟಿಸಂ ಇದೆ. ಭಾವನಿಗೆ ಗೊತ್ತು. ಬೇಕಂತ ಅಂದಿದ್ದಲ್ಲ, ಅದೂ ನನಗೆ ಗೊತ್ತು. ಅಡ್ಮಿನ್‌ಗೆ ಡಿಲೀಟ್ ಮಾಡುವ ಅಧಿಕಾರ ಇದೆ. ಮಾಡಬೇಕು ಅನ್ನುವಷ್ಟರಲ್ಲಿ ಶೈಲಕ್ಕ ನೋಡಿಯಾಗಿತ್ತು. ‘ಟೈಪಿಂಗ್’ ಅಂತ ಬಂತು, ಹೋಯಿತು. ಮತ್ತೆ ಬಂತು, ಹೋಯಿತು.

ಕಿರಣ್: ಭಾವ, ನಾಲ್ಕು ಮನೆ ಅಂತ ಹೇಗೆ ಹೇಳುತ್ತೀರಿ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಥರದ ಅಂಗವೈಕಲ್ಯ ಪಟ್ಟಿ ಇದೆ. ಅಂಥ ಮಕ್ಕಳಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ ಹಕ್ಕು. ವಿಶೇಷ ಶಿಕ್ಷಕರು ಪ್ರೈಮರಿಯಲ್ಲಿ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಯಲ್ಲಿ ಹದಿನೈದಕ್ಕೆ ಒಬ್ಬರು ಅಂತ ಸುಪ್ರೀಂ ಕೋರ್ಟ್ 2021ರಲ್ಲೇ ಹೇಳಿದೆ.

ರವಿ ಭಾವ: ಅಪ್ಪಾ ಲಾಯರ್ ಸಾಹೇಬರೇ, ನಾನು ಹಕ್ಕು ಇಲ್ಲ ಅಂದೆನಾ?

ಬೆಳಿಗ್ಗೆ 8:52

ಶೈಲಕ್ಕ: ರವಿಯವರೇ, ನೀವು ಹೇಳಿದ್ದು ಸರಿಯಾಗೇ ಇದೆ. ನಾಲ್ಕು ಮನೆ ಸಮಸ್ಯೆನೇ. ಅದೇ ಕಷ್ಟ.

ಶೈಲಕ್ಕ: ನಮ್ಮ ರಸ್ತೆ ತಿರುವಿನಲ್ಲಿ ಕಸ ಸುರಿಯುವ ಜಾಗ ಇದೆಯಲ್ಲ, ಬ್ಲ್ಯಾಕ್ ಸ್ಪಾಟು. ಹೋದ ತಿಂಗಳು ಅದಕ್ಕೆ ನಲವತ್ತು ಜನ ಸೇರಿದರು. ಟೀ ಅಂಗಡಿಯವರು ಟೀ ಕೊಟ್ಟರು. ಇಂಜಿನಿಯರ್ ಬಂದರು, ರಂಗೋಲಿ ಹಾಕಿ ಹೂಕುಂಡ ಇಟ್ಟರು. ಯಾಕೆ? ಎಲ್ಲರ ಮನೆಗೂ ವಾಸನೆ ಬರುತ್ತದೆ. ಚಿನ್ನು ಕಷ್ಟದ ವಾಸನೆ ಪಕ್ಕದ ಮನೆಗೆ ಬರಲ್ಲ.

ಶೈಲಕ್ಕ: ಆ ಬ್ಲ್ಯಾಕ್ ಸ್ಪಾಟು ಅವನ ಶಾಲೆ ದಾರಿಯಲ್ಲೇ ಇರೋದು. ನಿಮಗೆ ವಾಸನೆ ಅಂದರೆ ಮೂಗು ಮುಚ್ಚಿಕೊಂಡು ದಾಟುತ್ತೀರಿ. ಅವನಿಗೆ ಹಾಗಲ್ಲ. ಅಲ್ಲಿಗೆ ಬಂದರೆ ಕೂತುಬಿಡುತ್ತಾನೆ. ಕಾಂಪ್ಯಾಕ್ಟರ್ ಗಾಡಿ ರಿವರ್ಸ್ ತಗೊಂಡು ಪೀಂಪೀಂ ಅಂದರೆ ಮುಗೀತು, ಕೈ ಕಚ್ಚಿಕೊಳ್ಳುತ್ತಾನೆ. ಅವನೇ ಒಂದು ಉಪಾಯ ಕಂಡುಕೊಂಡ. ನಮ್ಮ ಅಮ್ಮನ ಏಲಕ್ಕಿ ಡಬ್ಬಿ, ಆ ಚಿಕ್ಕ ಸ್ಟೀಲಿಂದು. ಒಳಗೆ ಈಗ ಏಲಕ್ಕಿ ಇಲ್ಲ, ಬರೀ ಸಿಪ್ಪೆ. ಮುಚ್ಚಳ ಅರ್ಧ ತೆಗೆದು ಮೂಗಿನ ಹತ್ತಿರ ಹಿಡಿದುಕೊಂಡರೆ ಆ ತಿರುವು ದಾಟುತ್ತಾನೆ. ತರಗತಿಯಲ್ಲೂ ಗಲಾಟೆ ಜಾಸ್ತಿ ಆದರೆ ಅದೇ ಡಬ್ಬಿ.

ಶೈಲಕ್ಕ: ಶಾಲೆಯವರು ಡಬ್ಬಿ ತರಬೇಡಿ ಅಂದಿದ್ದಾರೆ. ಬೇರೆ ಮಕ್ಕಳಿಗೆ ಡಿಸ್ಟರ್ಬ್ ಆಗುತ್ತದಂತೆ. ಬೇಕಾದರೆ ಶ್ಯಾಡೋ ಟೀಚರ್, ಅಂದರೆ ಅವನ ಪಕ್ಕದಲ್ಲೇ ಕೂತು ನೋಡಿಕೊಳ್ಳುವವರನ್ನ, ನೀವೇ ಸಂಬಳ ಕೊಟ್ಟು ಕರೆದುಕೊಂಡು ಬನ್ನಿ ಅಂದರು. ಸೋಮವಾರ ಬಂದು ಬರೆದುಕೊಡಬೇಕಂತೆ. ನಾಳೆ.

ಕಿರಣ್: ಅಕ್ಕಾ, ಹಾಗೆ ಹೇಳೋಕೆ ಅವರಿಗೆ ಅಧಿಕಾರನೇ ಇಲ್ಲ. ಸೆಕ್ಷನ್ 16 ಪ್ರಕಾರ

ಶೈಲಕ್ಕ: ಕಿರಣ, ನಿನಗೆ ಸೆಕ್ಷನ್ ಗೊತ್ತು. ಚಿನ್ನು ಶಾಲೆ ಗೇಟು ಯಾವ ಕಡೆ ಇದೆ ಗೊತ್ತೇನೋ?

ಇದಾದ ಮೇಲೆ ಕಿರಣ ಅವತ್ತು ಪೂರ್ತಿ ಒಂದೂ ಸೆಕ್ಷನ್ ಹೇಳಲಿಲ್ಲ.

ವೀಣಾ: ಶೈಲಕ್ಕ, ಬೈಯಬೇಡ, ಒಂದು ವಿಷಯ. ಇಲ್ಲಿ ಆ ಡಬ್ಬಿಯನ್ನ ಕಾಗದದಲ್ಲಿ ಬರೆಸಬಹುದು. ಮಗುವಿಗೆ ಏನೇನು ಬೇಕು ಅಂತ ಒಂದು ಯೋಜನೆ ಮಾಡಿ ಕೌನ್ಸಿಲ್ ಕೊಡಬೇಕು, 20 ವಾರದೊಳಗೆ. ಬರೆದ ಮೇಲೆ ಅದು ಕಾನೂನು. 25 ವರ್ಷದವರೆಗೂ ನಡೆಯಬಹುದು.

ರವಿ ಭಾವ: ಇದನ್ನೇ ನಾನು ಹೇಳಿದ್ದು, ಅಲ್ಲಿ ಶಿಸ್ತು ಇದೆ ಅಂತ.

ವೀಣಾ: ಅಯ್ಯೋ ಭಾವ, ಪೂರ್ತಿ ಕೇಳಿ. ಹೋದ ವರ್ಷ ಇಂಗ್ಲೆಂಡಿನಲ್ಲಿ ಸುಮಾರು ಅರ್ಧ ಮಕ್ಕಳಿಗೆ ಮಾತ್ರ 20 ವಾರದೊಳಗೆ ಸಿಕ್ಕಿದ್ದು. ನನ್ನ ಜೊತೆ ಕೆಲಸ ಮಾಡುವವಳು ಟ್ರಿಬ್ಯೂನಲ್‌ಗೆ ಹೋಗಿದ್ದಾಳೆ. ತೀರ್ಪಿನವರೆಗೆ ಹೋದವರಲ್ಲಿ ಹತ್ತಕ್ಕೆ ಒಂಬತ್ತಕ್ಕಿಂತ ಜಾಸ್ತಿ ಅಪ್ಪ-ಅಮ್ಮಂದಿರು ಗೆಲ್ಲುತ್ತಾರೆ. ಗೆಲ್ಲುತ್ತಾರೆ ಅಂತ ಗೊತ್ತಿದ್ದೂ ಮೊದಲು ಇಲ್ಲ ಅನ್ನುತ್ತಾರಲ್ಲ, ಅದು ಶಿಸ್ತಾ?

ವೀಣಾ: ಇನ್ನೊಂದು. ಗುಂಡಿ ವಾಸನೆ ಕೇಸು 2021ರಲ್ಲಿ ಹೈಕೋರ್ಟಿಗೆ ಹೋಗಿದ್ದು ಐದು ವರ್ಷದ ಹುಡುಗನ ಹೆಸರಲ್ಲಿ. ಅವನ ಶ್ವಾಸಕೋಶ ಹುಟ್ಟಿನಿಂದಲೇ ದುರ್ಬಲ. ಏಜೆನ್ಸಿ ಇನ್ನೂ ಜಾಸ್ತಿ ಮಾಡಬೇಕು ಅಂತ ಸೆಪ್ಟೆಂಬರ್‌ನಲ್ಲಿ ತೀರ್ಪು ಬಂತು. ಡಿಸೆಂಬರ್‌ನಲ್ಲಿ ಮೇಲಿನ ಕೋರ್ಟು ಅದನ್ನು ತಿರುಗಿಸಿತು. ಆದರೂ ಊರಿನವರು ಪಟ್ಟು ಬಿಡಲಿಲ್ಲ.

ಶೈಲಕ್ಕ: ನೋಡಿದಿರಾ. ಊರಿಗೆಲ್ಲ ವಾಸನೆ ಬಂದಾಗ ಕೋರ್ಟಿನಲ್ಲಿ ಮುಂದೆ ನಿಲ್ಲಿಸಿದ್ದು ಒಂದು ಮಗುವನ್ನ. ಅದೇ ಮಗುವಿಗೆ ಶಾಲೆಯಲ್ಲಿ ಒಂದು ಡಬ್ಬಿ ಬೇಕು ಅಂದರೆ ಆ ಊರು ಬರುತ್ತಾ ವೀಣಾ?

ವೀಣಾ: ಗೊತ್ತಿಲ್ಲಕ್ಕ. ಬ್ರೇಕ್ ಮುಗಿಯಿತು. ವಾರ್ಡಿಗೆ ಹೋಗುತ್ತೇನೆ.

ಅರ್ಧ ಗಂಟೆ ಯಾರೂ ಮಾತಾಡಲಿಲ್ಲ. ದೊಡ್ಡಮ್ಮ ಕೂಡ. ಎರಡು ಸಲ ಫೋನ್ ತೆಗೆದು ನೋಡಿದೆ. ಇಡ್ಲಿ ಆರಿಹೋಯಿತು.

ಬೆಳಿಗ್ಗೆ 9:40

ರವಿ ಭಾವ: ಶೈಲಾ, ವೇಸ್ಟ್ ಅಂತ ಬರೆಯಬಾರದಿತ್ತು. ತಪ್ಪಾಯಿತು.

ರವಿ ಭಾವ: ಆದರೆ ಒಂದು ಮಾತು ಕೇಳಲಾ? ಸರ್ಕಾರಿ ಶಾಲೆಗೆ ಹಾಕಬಹುದಲ್ಲ. ಅಲ್ಲಿ ವಿಶೇಷ ಶಿಕ್ಷಕರು ಇರುತ್ತಾರೆ ಅಂತ ಪೇಪರ್‌ನಲ್ಲಿ ಓದಿದ್ದೆ.

ಶೈಲಕ್ಕ: ಇದ್ದಾರೆ. ಬಿಐಇಆರ್‌ಟಿ ಅಂತ. ಬ್ಲಾಕ್‌ಗೆ ಅಂತ ಇರುತ್ತಾರೆ, ಶಾಲೆಗೆ ಅಂತಲ್ಲ. ನಾನು ಹೋಗಿ ಮಾತಾಡಿ ಬಂದೆ. ಒಳ್ಳೆಯ ಹೆಂಗಸು. ಚಿನ್ನು ಜೊತೆ ನೆಲದ ಮೇಲೆ ಕೂತು ಬಾಟಲಿ ಮುಚ್ಚಳ ಜೋಡಿಸಿದರು. ಆದರೆ ಅವರು ಸ್ಕೂಟಿಯಲ್ಲಿ ಎಷ್ಟು ಶಾಲೆ ಸುತ್ತಬೇಕು ಹೇಳಿ.

ದೊಡ್ಡಮ್ಮ: ಶೈಲಾ, ಆ ಡಬ್ಬಿಗೆ ಹೊಸ ಏಲಕ್ಕಿ ಹಾಕಿಕೊಡಲಾ

ಶೈಲಕ್ಕ: ಬೇಡಮ್ಮ. ಹೊಸದು ಘಾಟು ಜಾಸ್ತಿ, ಒಪ್ಪಲ್ಲ. ಸಿಪ್ಪೆನೇ ಬೇಕು.

ದೊಡ್ಡಮ್ಮ: ಸರಿ ಸಿಪ್ಪೆ ಎತ್ತಿಡುತ್ತೇನೆ. ಪಾಯಸ ಮಾಡಿದಾಗ

ಚಿಕ್ಕಪ್ಪ (ವಾಯ್ಸ್): ಶೈಲಾ, ನಾಳೆ ಎಷ್ಟು ಗಂಟೆಗೆ ಶಾಲೆ? ನಾನೂ ಬರುತ್ತೇನೆ. ಬುದಿಗೆರೆ ಕ್ರಾಸ್‌ಗೆ ಏಳಕ್ಕೆ ಬಂದರೆ ಬಸ್ಸು ಸಿಗುತ್ತದೆ.

ಶೈಲಕ್ಕ: ಚಿಕ್ಕಪ್ಪ, ಬೇಡ. ಇದು ಲಾರಿ ತಡೆಯೋ ಥರ ಅಲ್ಲ. ಗಲಾಟೆ ಮಾಡಿದರೆ ಮಗು ಅಲ್ಲೇ ಓದಬೇಕಲ್ಲ.

ಚಿಕ್ಕಪ್ಪ (ವಾಯ್ಸ್): ಗಲಾಟೆ ಮಾಡಿದ್ದು ಯಾರಮ್ಮಾ? 14ರಲ್ಲಿ ನಾನು ಒಂದು ಘೋಷಣೆಯೂ ಕೂಗಲಿಲ್ಲ. ಟವೆಲ್ ಹಾಸಿ ರಸ್ತೆ ಮೇಲೆ ಕೂತಿದ್ದೆ ಅಷ್ಟೇ.

ರವಿ ಭಾವ: ಮಾವ, ಬಸ್ಸು ಬೇಡ. ಆರೂವರೆಗೆ ಮನೆ ಹತ್ತಿರ ಕಾರ್ ತರುತ್ತೇನೆ.

ಶೈಲಕ್ಕ: ಒಂಬತ್ತಕ್ಕೆ ಗೇಟಿನ ಹತ್ತಿರ ಇರಿ ಇಬ್ಬರೂ. ಗೇಟು ಹಿಂದಿನ ರಸ್ತೆಯಲ್ಲಿದೆ. ಕಿರಣ, ನಿನಗೂ ಹೇಳುತ್ತಿದ್ದೇನೆ.

ಶೈಲಕ್ಕ: ಚಿಕ್ಕಪ್ಪ, ಅಲ್ಲಿ ಬಂದು ಕೂಗಬೇಡಿ ಆಯ್ತಾ?

ಚಿಕ್ಕಪ್ಪ (ವಾಯ್ಸ್): ಕೂಗಲ್ಲ. ಕೂರುತ್ತೇನೆ.