ಕಣ್ಣು ಮಂಜಾಗಿ, ಕಿವಿಯೂ ಕೇಳದ ಮೊಲ: ಪಶುವೈದ್ಯರಿಗೆ ನಿಮ್ಮ ಪ್ರಶ್ನೆ

ಪ್ರಶ್ನೆ (ದಾವಣಗೆರೆಯಿಂದ):
ಡಾಕ್ಟ್ರೇ, ನಮಸ್ಕಾರ. ನಮ್ಮ ಮನೆಯಲ್ಲಿ ಬತ್ತಾಸು ಅಂತ ಒಂದು ಬಿಳಿ ಮೊಲ ಇದೆ. ಗಂಡು, ಕೆಂಪು ಕಣ್ಣು, ಈಗ 7 ವರ್ಷ. ಮೊದಲು ಫ್ರಿಜ್ ಬಾಗಿಲಿನ ಸದ್ದಾದರೆ ಸಾಕು, ಕೊತ್ತಂಬರಿ ಸೊಪ್ಪಿಗೆ ಓಡಿ ಬರುತ್ತಿದ್ದ. ಎರಡು ತಿಂಗಳಿಂದ ಎಷ್ಟು ಕರೆದರೂ ತಿರುಗುವುದಿಲ್ಲ. ಎಡಗಣ್ಣಿನ ಒಳಗೆ ಬೆಳ್ಳಗೆ ಪೊರೆ ಥರ ಕಾಣುತ್ತಿದೆ. ಆಗಾಗ ಕಿವಿ ಕೆರೆದುಕೊಳ್ಳುತ್ತಾನೆ. ಮುಟ್ಟಿದರೆ ಬೆಚ್ಚಿಬೀಳುತ್ತಾನೆ. ಮೊನ್ನೆ ಮಗಳ ಕೈ ಕಚ್ಚಿದ, ಯಾವತ್ತೂ ಕಚ್ಚಿದವನಲ್ಲ. ವಯಸ್ಸಾಯಿತು ಬಿಡಿ ಅಂತಾರೆ ಎಲ್ಲರೂ. ನನಗೆ ಹಾಗೆ ಬಿಡಲು ಮನಸ್ಸಿಲ್ಲ. ಏನು ಮಾಡಲಿ?

ಉತ್ತರ (ಪಶುವೈದ್ಯೆ):
ಬಿಡಬೇಡಿ. ಚೆನ್ನಾಗಿ ಸಾಕಿದ ಮೊಲ 8ರಿಂದ 12 ವರ್ಷ ಬದುಕುತ್ತದೆ. ಕಚ್ಚಿದ್ದಕ್ಕೆ ಬೈಯಲೂ ಬೇಡಿ. ಅವನಿಗೆ ಆ ಕೈ ಬಂದದ್ದೇ ಗೊತ್ತಾಗಿಲ್ಲ.

ಒಂದು ವಿಷಯ ಹೇಳುತ್ತೇನೆ. ಕೆಂಪು ಕಣ್ಣಿನ ಬಿಳಿ ಮೊಲಗಳ ಕಣ್ಣಲ್ಲಿ ಬಣ್ಣದ ಅಂಶವೇ ಇರುವುದಿಲ್ಲ. ಹುಟ್ಟಿನಿಂದಲೇ ದೃಷ್ಟಿ ಕಡಿಮೆ, ಬಿಸಿಲು ಕಣ್ಣಿಗೆ ಚುಚ್ಚುತ್ತದೆ. ಕೂತಲ್ಲೇ ತಲೆಯನ್ನು ಆಚೀಚೆ ನಿಧಾನವಾಗಿ ಆಡಿಸುವುದನ್ನು ನೀವು ನೋಡಿರಬಹುದು. ದೂರ ಅಳೆಯಲು ಹಾಗೆ ಮಾಡುತ್ತವೆ. ಅಂದರೆ ಬತ್ತಾಸು ಇಷ್ಟು ವರ್ಷ ಬಹಳ ಮಟ್ಟಿಗೆ ಕಿವಿಯನ್ನೇ ನಂಬಿಕೊಂಡಿದ್ದ. ಈಗ ಕಿವಿಯೂ ಕೈಕೊಟ್ಟಿದೆ. ಅದಕ್ಕೇ ಅಷ್ಟು ಗಾಬರಿ.

ಮೊದಲು ಕಾರಣ ತಿಳಿಯಬೇಕು. ಆ ಬಿಳಿ ಪೊರೆ ವಯಸ್ಸಿನದ್ದೂ ಇರಬಹುದು, ಎನ್ಸೆಫಲಿಟೋಜೂನ್ ಎಂಬ ಸೂಕ್ಷ್ಮ ಪರಾವಲಂಬಿಯ ಕೆಲಸವೂ ಇರಬಹುದು. ಅದು ಮರಿ ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಕಣ್ಣಿನ ಮಸೂರಕ್ಕೆ ಸೇರಿಕೊಂಡು ಸುಮ್ನೆ ಕೂತಿರುತ್ತದೆ. ಎಷ್ಟೋ ದಿನದ ಮೇಲೆ ಮಸೂರ ಒಡೆದು ಕಣ್ಣೊಳಗೆ ಉರಿಯೂತ ಶುರುವಾಗುತ್ತದೆ. ಅದು ನೋವಿನ ಕಾಯಿಲೆ, ಔಷಧಿ ಇದೆ. ತಲೆ ಒಂದು ಕಡೆ ವಾಲಿದರೆ, ಹಿಂಗಾಲು ತಡವರಿಸಿದರೆ ಅದೇ ದಿನ ತೋರಿಸಿ. ಕೆರೆದುಕೊಳ್ಳುತ್ತಾನೆ ಅಂದಿರಲ್ಲ, ಕಿವಿಯಲ್ಲಿ ಕಂದು ಹೆಕ್ಕಳೆ ಕಟ್ಟಿದೆಯಾ ನೋಡಿ. ಇದ್ದರೆ ನುಸಿ. ಅದನ್ನು ಕೀಳಬೇಡಿ, ತುಂಬಾ ನೋಯುತ್ತದೆ. ಚುಚ್ಚುಮದ್ದಿಗೋ ಹನಿಮದ್ದಿಗೋ ತಾನೇ ಉದುರುತ್ತದೆ. ನಿಮಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜು ಹತ್ತಿರ, ಅಲ್ಲಿಗೆ ಕರೆದುಕೊಂಡು ಹೋಗಿ.

ಕಣ್ಣ ಮುಂದೆ ಕೈ ಬೀಸಿ ನೀವೇ ಪರೀಕ್ಷೆ ಮಾಡಬೇಡಿ. ಚೆನ್ನಾಗಿ ಕಾಣುವ ಮೊಲವೂ ಎಷ್ಟೋ ಸಲ ರೆಪ್ಪೆ ಬಡಿಯುವುದಿಲ್ಲ. ಕುರುಡು ಮೊಲಕ್ಕೆ ಮೀಸೆಗೆ ಗಾಳಿ ತಾಗಿದರೂ ಗೊತ್ತಾಗುತ್ತದೆ.

ಈ ಮೀಸೆಯೇ ಈಗ ಅವನ ಆಸ್ತಿ. ಮೊಲಕ್ಕೆ ಸುತ್ತಲೂ ಕಾಣುತ್ತದೆ, ಆದರೆ ಮೂಗಿನ ತುದಿಯಲ್ಲೇ ಇರುವುದು ಕಾಣುವುದಿಲ್ಲ. ಬಾಯಿಗೆ ಹಾಕುವ ಸೊಪ್ಪನ್ನು ಎಲ್ಲ ಮೊಲಗಳೂ ವಾಸನೆ, ತುಟಿ, ಮೀಸೆಯಿಂದಲೇ ಹುಡುಕುವುದು. ಹಾಗಾಗಿ ಬತ್ತಾಸು ಹೊಸದೇನೂ ಕಲಿಯಬೇಕಿಲ್ಲ. ನೀವು ಅವನ ಜಾಗ ಕೆಡಿಸದಿದ್ದರೆ ಸಾಕು. ನೀರು, ಹುಲ್ಲು, ಮಲಗುವ ಪೆಟ್ಟಿಗೆ ಒಂದೇ ಕಡೆ ಇರಲಿ. ಅವನ ಮೂಲೆಯಲ್ಲಿ ಫಿನಾಯಿಲ್ ಹಾಕಿ ಒರೆಸಬೇಡಿ. ಗಲ್ಲ ಉಜ್ಜಿ ಅವನು ಗುರುತು ಮಾಡಿಟ್ಟ ವಾಸನೆಯೆಲ್ಲ ಅಳಿಸಿಹೋಗುತ್ತದೆ, ಮರುದಿನ ಅವನಿಗೆ ಅದು ಪರರ ಮನೆ. ಬರೀ ನೀರಿನಲ್ಲಿ ಒರೆಸಿ, ಉಚ್ಚೆ ಕಲೆಗೆ ಸ್ವಲ್ಪ ವಿನೆಗರ್ ಸಾಕು. ನೆಲ ಟೈಲ್ಸ್ ಆದರೆ ಗೋಣಿಚೀಲವೋ ಜಮಖಾನವೋ ಹಾಸಿ. ಕಾಲು ಜಾರಿದರೆ ಕುರುಡು ಮೊಲ ಓಡಾಡುವುದನ್ನೇ ಬಿಟ್ಟುಬಿಡುತ್ತದೆ.

ಹತ್ತಿರ ಹೋಗುವ ಮುಂಚೆ ನೆಲವನ್ನು ಬೆರಳಿನಿಂದ ಎರಡು ಸಲ ಮೆಲ್ಲಗೆ ತಟ್ಟಿ. ಅದುರು ಅವನ ಪಾದಕ್ಕೆ ತಲುಪುತ್ತದೆ. ಜೋರಾಗಿ ಕಾಲು ಕುಟ್ಟಬೇಡಿ, ಮೊಲಗಳ ಭಾಷೆಯಲ್ಲಿ ಅದು ಅಪಾಯದ ಸೂಚನೆ. ಆಮೇಲೆ ಕೈಯನ್ನು ಮೂಗಿನ ಹತ್ತಿರ ಹಿಡಿದು ಮೂಸಲು ಬಿಡಿ. ಮೂಸಿದ ಮೇಲೆ ಭುಜದ ಹತ್ತಿರ ಮುಟ್ಟಿ, ಪ್ರತಿ ಸಲ ಅಲ್ಲೇ. ಮೇಲಿನಿಂದ ಕೈ ಹಾಕಿದರೆ ಹದ್ದು ಎರಗಿದಂತೆ ಅನಿಸುತ್ತದೆ. ಮಗಳಿಗೂ ಇದನ್ನು ಹೇಳಿಕೊಡಿ, ಮಕ್ಕಳು ಬೇಗ ಕಲಿಯುತ್ತಾರೆ.

ಪ್ರಶ್ನೆ (ಮೈಸೂರಿನಿಂದ):
ಮೇಡಂ, ನಮ್ಮದು ಜೋಲು ಕಿವಿಯ ಮೊಲ. ಅದಕ್ಕೂ ಕಿವಿ ಸರಿಯಾಗಿ ಕೇಳುವುದಿಲ್ಲ ಅನಿಸುತ್ತೆ. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡು ಅಂತ ಅಜ್ಜಿ ಹೇಳುತ್ತಿದ್ದಾರೆ. ಬಿಡಬಹುದಾ?

ಉತ್ತರ:
ದಯವಿಟ್ಟು ಬೇಡ. ಅಜ್ಜಿಗೆ ನಾನು ಹೇಳಿದೆ ಅಂತ ಹೇಳಿ. ಜೋಲು ಕಿವಿಯ ಬುಡದಲ್ಲಿ ನಾಳ ಮಡಚಿ ಕಿರಿದಾಗಿರುತ್ತದೆ, ಗುಗ್ಗೆ ಹೊರಗೆ ಬರುವುದಿಲ್ಲ. ಎಣ್ಣೆ ಸೇರಿದರೆ ಇನ್ನಷ್ಟು ಗಟ್ಟಿಯಾಗಿ ಕೂರುತ್ತದೆ. ಬೆಳ್ಳುಳ್ಳಿ ಮೊಲದ ಹೊಟ್ಟೆಗೆ ಹೋದರೆ ವಿಷ. ಬಡ್ಸ್ ಹಾಕಿದರೂ ಗುಗ್ಗೆ ಒಳಕ್ಕೇ ಹೋಗುತ್ತದೆ. ಮೊಲದ ಕೀವು ಬೇರೆ ಪ್ರಾಣಿಗಳಂತೆ ನೀರಾಗಿರುವುದಿಲ್ಲ, ಗಟ್ಟಿ ಮೊಸರಿನಂತಿರುತ್ತದೆ, ತಾನಾಗಿ ಸೋರುವುದಿಲ್ಲ. ಕಿವಿಯ ಬುಡ ಊದಿದ್ದರೆ ತಡ ಮಾಡಬೇಡಿ.

ಇನ್ನೊಂದು ಮಾತು, ಎಲ್ಲರಿಗೂ. ಮೆಡಿಕಲ್ ಶಾಪಿನಿಂದ ನೀವೇ ಔಷಧಿ ತರಬೇಡಿ. ನಮಗೆ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮೊಲದ ಬಾಯಿಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು ಮೊಲವೇ ಸಾಯಬಹುದು. ನಾಯಿಯ ಮೈಗೆ ಹತ್ತುವ ಉಣ್ಣೆ ಹುಳಕ್ಕೆ ಹಾಕುವ ಫಿಪ್ರೊನಿಲ್ ಕೂಡ ಬೇಡ. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಕಣ್ಣಿನ ಹನಿಯನ್ನಂತೂ ಮುಟ್ಟಲೇಬೇಡಿ. ಕಣ್ಣಿನ ಸುತ್ತ ಅಂಟಿದ್ದರೆ ಕುದಿಸಿ ಆರಿಸಿದ ನೀರಲ್ಲಿ ಬಟ್ಟೆ ಅದ್ದಿ ಒರೆಸಿ, ಅಷ್ಟೇ. ಬರೀ ಕಣ್ಣೀರು ಸುರಿಯುತ್ತಿದ್ದರೆ ಹಲ್ಲನ್ನೂ ತೋರಿಸಿ. ಮೊಲದ ಹಲ್ಲು ಸಾಯುವ ತನಕ ಬೆಳೆಯುತ್ತದೆ, ಬೇರು ಒತ್ತಿ ಕಣ್ಣೀರಿನ ನಾಳ ಮುಚ್ಚಿಹೋಗುತ್ತದೆ.

ಮತ್ತೆ ದಾವಣಗೆರೆಯಿಂದ (ಮೂರು ವಾರದ ನಂತರ):
ತೋರಿಸಿಕೊಂಡು ಬಂದೆವು ಮೇಡಂ. ಕಿವಿಯಲ್ಲಿ ನುಸಿಯೇ ಇತ್ತು. ಹೆಕ್ಕಳೆ ಉದುರಿದೆ, ಕೆರೆತ ನಿಂತಿದೆ. ಕಿವಿ ಪೂರ್ತಿ ಬಂದಿಲ್ಲ. ಎಡಗಣ್ಣು ಹೋಗಿದೆ, ಬಲಗಣ್ಣು ಅಷ್ಟಕ್ಕಷ್ಟೇ ಅಂದರು. ನೆಲ ತಟ್ಟಿದರೆ ಈಗ ತಲೆ ಎತ್ತುತ್ತಾನೆ! ಮಗಳು ನಿತ್ಯ ತಟ್ಟಿಯೇ ಸೊಪ್ಪು ಕೊಡುತ್ತಾಳೆ. ಅವನಿಗೆ ಜೊತೆಗೆ ಇನ್ನೊಂದು ಮೊಲ ತರಲಾ? ಮತ್ತೆ, ಬೇಸಿಗೆಗೆ ಏನು ಮಾಡಲಿ?

ಉತ್ತರ:
ಓದಿ ತುಂಬಾ ಖುಷಿಯಾಯಿತು. ಮಗಳಿಗೆ ನನ್ನ ಶಾಭಾಷ್ ಹೇಳಿ.

ಜೊತೆ ಒಳ್ಳೆಯದು. ಕುರುಡು ಮೊಲ ಜೊತೆಗಾರನ ಮೈಗೆ ಒರಗಿಕೊಂಡೇ ಧೈರ್ಯವಾಗಿ ಓಡಾಡುವುದನ್ನು ಕಂಡಿದ್ದೇನೆ. ಆದರೆ ಈಗಲೇ ಬೇಡ. ನುಸಿ ಒಂದರಿಂದ ಒಂದಕ್ಕೆ ಅಂಟುತ್ತದೆ, ಪೂರ್ತಿ ಹೋಗಲಿ. ಹೊಸದು ಹೆಣ್ಣಾದರೆ ಅದಕ್ಕೆ ಸಂತಾನಹರಣ ಚಿಕಿತ್ಸೆ ಮಾಡಿಸಿಯೇ ಜೊತೆ ಬಿಡಿ. ಮರಿಯ ಮಾತು ಹಾಗಿರಲಿ, ಹೆಣ್ಣು ಮೊಲಗಳಿಗೆ ಗರ್ಭಕೋಶದ ಕ್ಯಾನ್ಸರ್ ಜಾಸ್ತಿ. ಮೊದಲು ಬೇರೆ ಬೇರೆ ಇಟ್ಟು ಹಾಸಿನ ಬಟ್ಟೆಯನ್ನು ಅದಲುಬದಲು ಮಾಡಿ. ವಾಸನೆಯ ಪರಿಚಯ ಮೊದಲು, ಮುಖದ ಪರಿಚಯ ಆಮೇಲೆ. ಜಗಳವಾಡಿದರೆ ಬತ್ತಾಸುವಿಗೆ ಏಟು ಎಲ್ಲಿಂದ ಬಂತು ಅಂತಲೂ ತಿಳಿಯುವುದಿಲ್ಲ, ಅದಕ್ಕೇ ಅವಸರ ಬೇಡ.

ಬೇಸಿಗೆಯಲ್ಲಿ ಮನೆಯ ತಂಪಾದ ಕೋಣೆಯಲ್ಲೇ ಇರಲಿ, ತಾರಸಿಗೆ ಬಿಡಬೇಡಿ. ಮೊಲ ಬೆವರುವುದಿಲ್ಲ, ಮುಖ್ಯವಾಗಿ ಕಿವಿಯ ಮೂಲಕ ಬಿಸಿ ಹೊರಹಾಕುತ್ತದೆ. 30 ಡಿಗ್ರಿ ದಾಟಿದರೆ ಅದಕ್ಕೆ ಕಷ್ಟ. ಬಾಟಲಿಯಲ್ಲಿ ನೀರು ಗಡ್ಡೆ ಕಟ್ಟಿಸಿ, ಬಟ್ಟೆ ಸುತ್ತಿ, ದಿನಾ ಒಂದೇ ಪಕ್ಕದಲ್ಲಿಡಿ. ಹುಡುಕಿಕೊಂಡು ಬಂದು ಒರಗುತ್ತಾನೆ.

ಇನ್ನು ಹಿಕ್ಕೆ ಮೇಲೆ ಕಣ್ಣಿಡಿ. ಮೊಲ ನೋವನ್ನು ಮುಚ್ಚಿಡುವ ಪ್ರಾಣಿ. 12 ಗಂಟೆ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ರಾತ್ರಿಯಾದರೂ ಹೊರಡಿ. ವಾರಕ್ಕೊಮ್ಮೆ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆದಿಡಿ. ಮುಂದಿನ ಸಲ ಬರೆಯುವಾಗ ಆ ತೂಕಗಳನ್ನೂ ಕಳಿಸಿ.