1969ರ ಪ್ಲಿಮತ್ ರೋಡ್ ರನ್ನರ್ 383: ಎಂಜಿನ್ ಸ್ಟಾರ್ಟ್ ಆಗಿ ಕೂಡಲೇ ನಿಂತುಹೋಗುತ್ತದೆ, ದಯವಿಟ್ಟು ದಾರಿ ತೋರಿಸಿ

ಡೆಟ್ರಾಯ್ಟ್ ಶೆಡ್:
ಎಲ್ಲರಿಗೂ ನಮಸ್ಕಾರ. ಮಿಶಿಗನ್‌ನಲ್ಲಿರುವ ನಮ್ಮ ಮನೆಯ ಗ್ಯಾರೇಜಿನಲ್ಲಿ 1969ರ ರೋಡ್ ರನ್ನರ್ ಕಾರೊಂದನ್ನು ಎರಡು ವರ್ಷದಿಂದ ಸರಿಪಡಿಸುತ್ತಿದ್ದೇನೆ. 383 ಘನ ಇಂಚಿನ ವಿ8 ಎಂಜಿನ್, ನಾಲ್ಕು ಬ್ಯಾರೆಲ್ಲಿನ ಕಾರ್ಟರ್ ಕಾರ್ಬ್ಯುರೇಟರ್. 1994ರಿಂದ ರೈತರೊಬ್ಬರ ಕೊಟ್ಟಿಗೆಯಲ್ಲಿ ಹುಲ್ಲಿನ ಪಿಂಡಿಗಳ ನಡುವೆ ನಿಂತಿದ್ದ ಗಾಡಿ ಇದು. ಟ್ಯಾಂಕ್ ಬದಲಿಸಿ, ಸಿಲಿಂಡರುಗಳಿಗೆ ಎಣ್ಣೆ ಬಿಟ್ಟು ಒಂದು ವಾರ ನೆನೆಸಿ, ಕ್ರ್ಯಾಂಕ್ ಕೈಯಲ್ಲಿ ಸಲೀಸಾಗಿ ತಿರುಗುತ್ತದೆಂದು ಖಚಿತಪಡಿಸಿಕೊಂಡ ಮೇಲೆಯೇ ಬ್ಯಾಟರಿ ಜೋಡಿಸಿದೆ. ಈಗ ಎಂಜಿನ್ ಸ್ಟಾರ್ಟ್ ಆಗುತ್ತದೆ, ಒಮ್ಮೆ ಗುಡುಗುತ್ತದೆ, ಅಷ್ಟರಲ್ಲಿ ನಿಂತುಹೋಗುತ್ತದೆ. ಮೂರು ಶನಿವಾರಗಳು ಇದರಲ್ಲೇ ಕಳೆದವು. ಆಗಸ್ಟ್ ತಿಂಗಳಲ್ಲಿ ನಡೆಯುವ ಹಳೆಯ ಕಾರುಗಳ ಮೆರವಣಿಗೆ ವುಡ್‌ವರ್ಡ್ ಡ್ರೀಮ್ ಕ್ರೂಸ್‌ಗೆ ಇದರಲ್ಲೇ ಕರೆದುಕೊಂಡು ಹೋಗುತ್ತೇನೆಂದು ಮಗಳಿಗೆ ಮಾತು ಕೊಟ್ಟಿದ್ದೇನೆ. ನನಗೆ ನಿಜವಾಗಿಯೂ ಸಾಕಾಗಿದೆ.

ಓಹಾಯೋ ವಿ8:
ಇದು ಕಾರ್ಬ್ಯುರೇಟರಿನ ದೋಷ, ಅನುಮಾನವೇ ಬೇಡ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲ್ ಆವಿಯಾಗಿ, ಉಳಿದದ್ದು ಜೇನುಬಣ್ಣದ ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ಐಡಲ್ ರಂಧ್ರಗಳಲ್ಲಿ ಕೂತುಬಿಡುತ್ತದೆ. ಪೆಡಲ್ ಒತ್ತಿದಾಗ ಆಕ್ಸಿಲರೇಟರ್ ಪಂಪ್ ಚಿಮ್ಮಿಸುವ ಪೆಟ್ರೋಲಿನಿಂದ ಎಂಜಿನ್ ಸ್ಟಾರ್ಟ್ ಆಗುತ್ತದೆ, ಅದು ಮುಗಿದ ಕೂಡಲೇ ಹಸಿದು ನಿಲ್ಲುತ್ತದೆ. ಬಿಚ್ಚಿ ತೊಳೆಯಿರಿ.

ಡೆಟ್ರಾಯ್ಟ್ ಶೆಡ್:
ತೊಳೆದಾಗಿದೆ ಸರ್. ಹೊಸ ರಿಪೇರಿ ಕಿಟ್ ಹಾಕಿ, ಪ್ರತಿಯೊಂದು ರಂಧ್ರಕ್ಕೂ ಗಾಳಿ ಹೊಡೆದು, ಫ್ಲೋಟಿನ ಎತ್ತರವನ್ನೂ ಅಳತೆ ಮಾಡಿ ಕೂರಿಸಿದ್ದೇನೆ. ಏನೂ ವ್ಯತ್ಯಾಸವಿಲ್ಲ. ಬೇಸರದಲ್ಲಿ ಬ್ರೇಕಿನ ಕೆಲಸಕ್ಕೆ ಕೈ ಹಾಕಿದರೆ ಎಡಗಡೆಯ ಚಕ್ರವನ್ನು ಬಿಗಿಯುವ ಬೋಲ್ಟುಗಳಲ್ಲಿ (ಸ್ಟಡ್) ಎರಡು ಮುರಿದವು.

ಓಹಾಯೋ ವಿ8:
ಕಿಟ್ ಹಾಕಿದ ಮಾತ್ರಕ್ಕೆ ಕಾರ್ಬ್ಯುರೇಟರ್ ಸರಿಯಾಯಿತೆಂದು ಹೇಳಲಾಗದು. ಇಂದಿನ ಎಥನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುತ್ತದೆ. ಟ್ಯಾಂಕಿನಿಂದ ಪಂಪಿನವರೆಗಿನ ರಬ್ಬರ್ ಪೈಪುಗಳನ್ನು ಬದಲಿಸಿದ್ದೀರಾ? ಒಳಪದರ ಕಿತ್ತು ಬಂದು ದಾರಿ ಮುಚ್ಚಿರಬಹುದು. ಇನ್ನೊಮ್ಮೆ ಬಿಚ್ಚಿ ನೋಡಿ ಎಂಬುದೇ ನನ್ನ ಸಲಹೆ.

ಹಳೇ ಮೋಪಾರ್:
ಮೊದಲು ಸ್ಟಡ್ಡಿನ ವಿಷಯ. 1970ರವರೆಗಿನ ಕ್ರೈಸ್ಲರ್ ಕಂಪನಿಯ ನಮ್ಮ ಈ ಗಾಡಿಗಳಲ್ಲಿ ಎಡಗಡೆಯ ಚಕ್ರಗಳಿಗೆ ಎಡಮರೆ ಇರುತ್ತದೆ, ಅಂದರೆ ಬಿಚ್ಚಲು ಬಲಕ್ಕೆ ತಿರುಗಿಸಬೇಕು. ತುಕ್ಕು ಒರೆಸಿ ಸ್ಟಡ್ಡಿನ ತುದಿ ನೋಡಿದರೆ ‘ಎಲ್’ ಅಕ್ಷರ ಕಾಣುತ್ತದೆ. ನೀವು ಬಿಚ್ಚುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡಿದ್ದೀರಿ.

ಎರಡನೆಯದಾಗಿ, ಸ್ಟಾರ್ಟ್ ಮಾಡುವ ಮೊದಲು ಆಯಿಲ್ ಪಂಪನ್ನು ಡ್ರಿಲ್ಲಿನಿಂದ ತಿರುಗಿಸಿ ಒತ್ತಡ ಬರಿಸಿಕೊಂಡಿರಾ? ಪ್ಲಗ್ಗುಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರನ್ನೂ ಅದರ ಕೆಳಗಿನ ಶಾಫ್ಟನ್ನೂ ಎತ್ತಿ, 5/16 ಇಂಚಿನ ಷಡ್ಭುಜ ಕಡ್ಡಿ ಇಳಿಸಿ, ಗಡಿಯಾರದ ವಿರುದ್ಧ ದಿಕ್ಕಿನಲ್ಲಿ ತಿರುಗಿಸಬೇಕು. ಜಿಂಕ್ ಹೆಚ್ಚಿರುವ ಎಣ್ಣೆಯನ್ನೇ ಹಾಕಿ, ಇಲ್ಲವಾದರೆ ವಾಲ್ವುಗಳನ್ನು ತೆರೆಯುವ ಕ್ಯಾಮಿನ ಉಬ್ಬುಗಳು ಸವೆದುಹೋಗುತ್ತವೆ. ನನ್ನ 1970ರ ಡಸ್ಟರ್ 340 ಕಾರಿಗೆ ಹದಿನೈದು ವರ್ಷದಿಂದ ಅದನ್ನೇ ಹಾಕುತ್ತಿದ್ದೇನೆ. ಎರಡು ಕಂಬದ ಲಿಫ್ಟ್ ಕೂರಿಸಿದ ಮೇಲಂತೂ ಎಣ್ಣೆ ಬದಲಿಸುವುದು ಅರ್ಧ ಗಂಟೆಯ ಕೆಲಸ.

ಓಹಾಯೋ ವಿ8:
ಜಿಂಕಿನ ವಿಷಯದಲ್ಲಿ ನಿಮ್ಮ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಹೊಸ ಕ್ಯಾಮ್ ಪಳಗುವ ಮೊದಲ ಇಪ್ಪತ್ತು ನಿಮಿಷ ಅದು ಅಗತ್ಯ, ಸರಿ. ಆದರೆ ದಶಕಗಳ ಹಿಂದೆಯೇ ಪಳಗಿದ ಕ್ಯಾಮಿಗೆ ಒಳ್ಳೆಯ ಡೀಸೆಲ್ ಎಣ್ಣೆ ಸಾಕು.

ಹಳೇ ಮೋಪಾರ್:
ಇಂದಿನ ಡೀಸೆಲ್ ಎಣ್ಣೆಗಳಲ್ಲಿಯೂ ಜಿಂಕ್ ಕಡಿಮೆ ಮಾಡಿದ್ದಾರೆ. ಸವೆದು ಚಪ್ಪಟೆಯಾದ ಕ್ಯಾಮನ್ನು ಕೈಯಲ್ಲಿ ಹಿಡಿದು ನೋಡಿದವನು ನಾನು.

ವೈಂಡಿಂಗ್ ಅಂಗಡಿ:
ಇಬ್ಬರೂ ಹಿರಿಯರು, ಕ್ಷಮಿಸಿ, ಆದರೆ ಎಂಜಿನ್ ಓಡಿದರಲ್ಲವೇ ಕ್ಯಾಮ್ ಸವೆಯುವುದು. ಡೆಟ್ರಾಯ್ಟ್ ಶೆಡ್ ಅವರೇ, ಒಂದು ಪ್ರಶ್ನೆ: ಎಂಜಿನ್ ಸರಿಯಾಗಿ ಯಾವ ಗಳಿಗೆಯಲ್ಲಿ ನಿಲ್ಲುತ್ತದೆ? ಕೀಯನ್ನು ‘ಸ್ಟಾರ್ಟ್’ನಲ್ಲಿ ಹಿಡಿದಿರುವಾಗಲೋ, ಬೆರಳು ಸಡಿಲಿಸಿ ಅದು ‘ರನ್’ಗೆ ಮರಳಿದಾಗಲೋ?

ಹುಬ್ಬಳ್ಳಿಯಲ್ಲಿ ನಮ್ಮ ತಂದೆಯವರದು ಮೋಟಾರ್ ವೈಂಡಿಂಗ್ ಅಂಗಡಿ. ಕೆಟ್ಟ ಮೋಟಾರ್ ತಂದವರನ್ನು ಅವರು ಮೊದಲು ಕೇಳುತ್ತಿದ್ದದ್ದೇ ‘ಯಾವಾಗ ನಿಂತಿತು’ ಎಂದು. ಉತ್ತರ ಕೇಳುವವರೆಗೆ ಸ್ಕ್ರೂಡ್ರೈವರ್ ಮುಟ್ಟುತ್ತಿರಲಿಲ್ಲ.

ಡೆಟ್ರಾಯ್ಟ್ ಶೆಡ್:
ಕೀ ಬಿಟ್ಟ ಕೂಡಲೇ. ಸ್ಟಾರ್ಟರ್ ತಿರುಗುತ್ತಿರುವಷ್ಟು ಹೊತ್ತೂ ಎಂಜಿನ್ ಉರಿಯುತ್ತಿರುತ್ತದೆ. ಇದನ್ನು ಬೇರೆಯಾಗಿ ಹೇಳಬೇಕೆಂದು ನನಗೆ ಹೊಳೆಯಲಿಲ್ಲ, ಸ್ಟಾರ್ಟ್ ಆಗಿ ನಿಲ್ಲುತ್ತದೆ ಎಂದರೆ ಅದೇ ತಾನೇ ಎಂದುಕೊಂಡಿದ್ದೆ.

ವೈಂಡಿಂಗ್ ಅಂಗಡಿ:
ಹಾಗಾದರೆ ಪೆಟ್ರೋಲಿನ ಮಾತನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ನಿಮ್ಮ ಗಾಡಿಯಲ್ಲಿ ಕಿಡಿ ಹುಟ್ಟಿಸುವ ಇಗ್ನಿಷನ್ ಕಾಯಿಲಿಗೆ ಕರೆಂಟ್ ಎರಡು ದಾರಿಯಲ್ಲಿ ಹೋಗುತ್ತದೆ. ಕೀ ‘ಸ್ಟಾರ್ಟ್’ನಲ್ಲಿದ್ದಾಗ ಕಂದು ತಂತಿಯ ಮೂಲಕ ಬ್ಯಾಟರಿಯ ಪೂರ್ತಿ ವೋಲ್ಟೇಜ್ ನೇರವಾಗಿ ತಲುಪುತ್ತದೆ. ‘ರನ್’ಗೆ ಬಂದ ಮೇಲೆ ಆ ದಾರಿ ಕಡಿದುಹೋಗಿ, ಕಡುನೀಲಿ ತಂತಿಯ ಕರೆಂಟ್ ಬ್ಯಾಲಸ್ಟ್ ರೆಸಿಸ್ಟರಿನ ಮೂಲಕ ಇಳಿದು ಹೋಗಬೇಕು. ಡಿಸ್ಟ್ರಿಬ್ಯೂಟರಿನೊಳಗೆ ಕರೆಂಟನ್ನು ಕಡಿದು ಜೋಡಿಸುವ ಪಾಯಿಂಟುಗಳು ಸುಡದಿರಲೆಂದು ಮಾಡಿದ ಏರ್ಪಾಡು ಅದು. ಆ ರೆಸಿಸ್ಟರ್ ಒಳಗೆ ತುಂಡಾಗಿದ್ದರೆ ನೀವು ಹೇಳಿದ ಹಾಗೆಯೇ ಆಗುತ್ತದೆ.

ಎಂಜಿನ್ ಹಿಂದಿನ ಲೋಹದ ಗೋಡೆ, ಅಂದರೆ ಫೈರ್‌ವಾಲ್ ಮೇಲೆ ಬೆರಳುದ್ದದ ಬಿಳಿ ಪಿಂಗಾಣಿ ತುಂಡು ಕಾಣುತ್ತದೆ. ಕೀಯನ್ನು ‘ರನ್’ನಲ್ಲಿಟ್ಟು ಅದರ ಎರಡೂ ತುದಿಗಳಲ್ಲಿ ವೋಲ್ಟೇಜ್ ಅಳೆಯಿರಿ. ನೀಲಿ ತಂತಿಯ ಕಡೆ 12 ಇದ್ದು, ಕಾಯಿಲಿನ ಕಡೆ ಸೊನ್ನೆ ಬಂದರೆ ಸತ್ತಿರುವುದು ರೆಸಿಸ್ಟರ್. ನೀಲಿಯಲ್ಲೇ ಸೊನ್ನೆಯಿದ್ದರೆ ಫೈರ್‌ವಾಲಿನ ದೊಡ್ಡ ಕನೆಕ್ಟರ್ ಅಥವಾ ಇಗ್ನಿಷನ್ ಸ್ವಿಚ್ ನೋಡಬೇಕು. ಅಳೆದ ಕೂಡಲೇ ಕೀ ತೆಗೆಯಿರಿ, ಎಂಜಿನ್ ಓಡದಿರುವಾಗ ‘ರನ್’ನಲ್ಲಿ ಬಿಟ್ಟರೆ ಕಾಯಿಲ್ ಬಿಸಿಯೇರುತ್ತದೆ.

ಓಹಾಯೋ ವಿ8:
ಅಳೆಯುವುದು ಒಳ್ಳೆಯದೇ. ಆದರೂ ಪೈಪುಗಳನ್ನು ಬದಲಿಸುವುದನ್ನು ಮರೆಯಬೇಡಿ, ಮೂವತ್ತು ವರ್ಷದ ರಬ್ಬರ್ ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಸುರಿಸಿದರೆ ಗಾಡಿಯೇ ಉಳಿಯುವುದಿಲ್ಲ.

ಡೆಟ್ರಾಯ್ಟ್ ಶೆಡ್:
ನೀಲಿಯ ಕಡೆ 12.3, ಇನ್ನೊಂದು ಕಡೆ ಸೊನ್ನೆ! ರೆಸಿಸ್ಟರನ್ನು ಬಿಚ್ಚಿ ತಿರುಗಿಸಿ ನೋಡಿದೆ. ಹಿಂಬದಿಯ ಸೀಳಿನಲ್ಲಿ ಸುರುಳಿ ಸುತ್ತಿದ ತಂತಿ ಹಸಿರುಗಟ್ಟಿ ನಡುವೆ ಕೂದಲೆಳೆಯಷ್ಟು ಬಿರುಕು ಬಿಟ್ಟಿದೆ. ಮುಂದಿನಿಂದ ನೋಡಿದರೆ ಹೊಸದರಂತೆಯೇ ಕಾಣುತ್ತಿತ್ತು. ಎರಡು ತುದಿಗಳಿಗೂ ತಾತ್ಕಾಲಿಕವಾಗಿ ತಂತಿ ಸೇರಿಸಿ ಸ್ಟಾರ್ಟ್ ಮಾಡಿದೆ, ಕೀ ಬಿಟ್ಟ ಮೇಲೂ ಎಂಜಿನ್ ಓಡಿತು. ಒಂದು ನಿಮಿಷ ಬಿಟ್ಟು ನಾನೇ ನಿಲ್ಲಿಸಿದೆ. ಮಗಳು ಒಳಗಿನಿಂದ ಬರಿಗಾಲಲ್ಲಿ ಓಡಿಬಂದಳು.

ವೈಂಡಿಂಗ್ ಅಂಗಡಿ:
ಬಹಳ ಸಂತೋಷ. ಆ ತಂತಿಯನ್ನು ಈಗಲೇ ತೆಗೆಯಿರಿ, ಅದರಲ್ಲಿ ಓಡಿಸಿದರೆ ಪಾಯಿಂಟುಗಳು ಸುಟ್ಟುಹೋಗುತ್ತವೆ. ಹೊಸ ರೆಸಿಸ್ಟರ್ ಕೊಳ್ಳುವಾಗ ಸುಮಾರು ಅರ್ಧ ಓಮ್‌ನದು, ಎರಡು ಪಿನ್ನಿನದು ಎಂದು ನೋಡಿ ತೆಗೆದುಕೊಳ್ಳಿ. ಎರಡನ್ನು ಕೊಂಡು ಒಂದನ್ನು ಗ್ಲೋವ್ ಬಾಕ್ಸಿನಲ್ಲಿಡಿ.

ಡೆಟ್ರಾಯ್ಟ್ ಶೆಡ್:
ಹೊಸದನ್ನು ಹಾಕಿದೆ, ಇಪ್ಪತ್ತು ನಿಮಿಷ ನಿಲ್ಲದೆ ಓಡಿತು. ನೀವು ಹೇಳಿದಿರೆಂದು ಫೈರ್‌ವಾಲಿನ ಕನೆಕ್ಟರನ್ನೂ ಬಿಚ್ಚಿದೆ. ಡ್ಯಾಶ್‌ಬೋರ್ಡಿನಲ್ಲಿ ಕರೆಂಟ್ ಅಳೆಯುವ ಆಮ್ಮೀಟರಿಗೆ ಹೋಗುವ ಕೆಂಪು ತಂತಿಯ ಪಿನ್ ಕಪ್ಪಗಾಗಿದೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಅಂಚು ಮಡಚಿಕೊಂಡಿದೆ.

ಹಳೇ ಮೋಪಾರ್:
ಆಮ್ಮೀಟರನ್ನೇ ಬೈಪಾಸ್ ಮಾಡಿ. ಗಾಡಿಯ ಹೆಚ್ಚಿನ ಕರೆಂಟೆಲ್ಲ ಆ ಕನೆಕ್ಟರ್ ದಾಟಿ ಡ್ಯಾಶ್‌ಬೋರ್ಡಿಗೆ ಹೋಗಿ ಬರುವುದೇ ಈ ಗಾಡಿಗಳ ದೊಡ್ಡ ದೌರ್ಬಲ್ಯ.

ವೈಂಡಿಂಗ್ ಅಂಗಡಿ:
ನಾನು ಹಾಗೆ ಮಾಡುವುದಿಲ್ಲ. ಕರಗಿದ ಕನೆಕ್ಟರನ್ನೂ, ಆಮ್ಮೀಟರಿನ ಕೆಂಪು ಮತ್ತು ಕಪ್ಪು ತಂತಿಗಳ ಪಿನ್ನುಗಳನ್ನೂ ಹೊಸದಾಗಿ ಹಾಕಿ, ಕರೆಂಟ್ ಮಿತಿಮೀರಿದರೆ ಕರಗಿ ಕಡಿದುಹೋಗುವ ಫ್ಯೂಸಿಬಲ್ ಲಿಂಕನ್ನು ಹಾಗೆಯೇ ಉಳಿಸಿಕೊಂಡರೆ ಮೂಲ ವೈರಿಂಗ್ ನಂಬಿಕೆಗೆ ಅರ್ಹ. ಅದಾಗುವವರೆಗೆ ರಾತ್ರಿ ಬ್ಯಾಟರಿಯ ತಂತಿ ಬಿಚ್ಚಿಡಿ.

ಹಳೇ ಮೋಪಾರ್:
ಹೆಡ್‌ಲೈಟ್ ಹಾಕಿಕೊಂಡು ನಿಧಾನವಾಗಿ ಸಾಗುವ ಮೆರವಣಿಗೆಯಲ್ಲಿ ಅದು ಬಿಸಿಯಾದಾಗ ನಿಮಗೆ ನನ್ನ ಮಾತು ಅರ್ಥವಾಗುತ್ತದೆ. ಬೇರೆ ಚರ್ಚೆ ತೆರೆದು ಚಿತ್ರ ಸಮೇತ ಬರೆಯುತ್ತೇನೆ.

ಕೊಲಂಬಸ್ ಚಾರ್ಜರ್:
ನನ್ನ 1973ರ ಡಾಡ್ಜ್ ಚಾರ್ಜರ್ ಕಾರಿನಲ್ಲಿಯೂ ಇದೇ ಲಕ್ಷಣ, ಕೀ ಬಿಟ್ಟರೆ ನಿಲ್ಲುತ್ತದೆ. ಆದರೆ ಅದಕ್ಕೆ ಪಾಯಿಂಟುಗಳಿಲ್ಲ, ಎಲೆಕ್ಟ್ರಾನಿಕ್ ಇಗ್ನಿಷನ್, ರೆಸಿಸ್ಟರಿಗೆ ನಾಲ್ಕು ಪಿನ್ನುಗಳಿವೆ. ಯಾವ ಎರಡರ ನಡುವೆ ಅಳೆಯಬೇಕು?